ಮೊದ್ಲು ಕೇಳ್ಬೇಕಪ್ಪ

ನನ್ನ ದಿನಚರಿಯಲ್ಲಿ ಅವರನ್ನು ‘ರಿಪೇರಿ ಭಾಯ್’ ಎಂದೇ ಬರೆದುಕೊಂಡಿದ್ದೇನೆ. ಶಿರಾದ ನಮ್ಮ ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಹಳೆಯ ವಾಷಿಂಗ್ ಮಷೀನು ಕಿರುಗುಟ್ಟಿದರೆ ಸ್ಕ್ರೂಡ್ರೈವರಿನ ತುದಿಯನ್ನು ಅದರ ಬೆನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ‘ಮೊದ್ಲು ಕೇಳ್ಬೇಕಪ್ಪ, ಆಮೇಲೆ ಬಿಚ್ಬೇಕು’ ಎನ್ನುತ್ತಿದ್ದರು.

ಕಳೆದ ಬೇಸಿಗೆಯ ಒಂದು ಸೋಮವಾರ ಎದುರುಮನೆ ಮೇಷ್ಟ್ರ ಮಷೀನಿನ ಡ್ರಮ್ಮಿಗೆ ಹೊಸ ಬೇರಿಂಗ್, ನೀರು ತಡೆಯುವ ಸೀಲು ಹಾಕಿಕೊಟ್ಟರು. ಬೋರ್‌ವೆಲ್ಲಿನ ಉಪ್ಪುನೀರಿಗೆ ಹಳೆಯ ಸೀಲು ಸವೆದುಹೋಗಿತ್ತು. ಅದೇ ಶನಿವಾರ ಮೇಷ್ಟ್ರು ಆ ಮಷೀನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತರಿಸಿದರು. ಅಂಗಡಿಯ ಇಬ್ಬರು ಆಳುಗಳು ಹಳೆಯದನ್ನು ಬೀದಿಗಿಳಿಸಿ ಸುತ್ತಿಗೆ ತೆಗೆದರು.

ಭಾಯ್ ಓಡಿಬಂದರು. ‘ಒಡೀಬ್ಯಾಡ್ರೋ! ಲಾಡ್ಜಿನ ಚಾದರ ಒಗೆಯೋ ಅಕ್ಕನಿಗೆ ಕೊಟ್ಬುಡಿ. ಆಯಮ್ಮನ ಕೈಯೆಲ್ಲ ಬಿರ್ದೋಗೈತೆ.’

‘ಅಂಗ್ಡಿ ಓನರ್ ಒಡೀಲೇಬೇಕು ಅಂದವ್ರೆ ಭಾಯ್. ಹಳೇದು ಓಡ್ತಾ ಇದ್ರೆ ಹೊಸದು ಯಾರ್ ತಗೊಂತಾರೆ?’

‘ನೆಟ್ಟಗಿರೋದನ್ನ ಕೊಲ್ಲೋಕೆ ಸುತ್ತಿಗೆ ಬೇರೆ ತಂದವ್ರೆ! ಮೇಷ್ಟ್ರೇ, ನೀವಾದ್ರೂ ಹೇಳಿ!’

ಮೇಷ್ಟ್ರು ಹೊಸ ಮಷೀನಿನ ಪುಸ್ತಕ ಓದುತ್ತ ಒಳಗೆ ಹೋದರು. ಸುತ್ತಿಗೆಯ ಏಟಿಗೆ ಮುಚ್ಚಳ ಚೂರಾಯಿತು, ತಗಡು ನಜ್ಜುಗುಜ್ಜಾಯಿತು. ಚಾದರ ಒಗೆಯುವ ಅಕ್ಕ ತನ್ನ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಆಳುಗಳು ಬೆವರು ಒರೆಸಿಕೊಳ್ಳುವಾಗ ಭಾಯ್ ನಡುವೆ ನುಗ್ಗಿ, ಚೂರಾದ ಮುಚ್ಚಳದೊಳಗೆ ಕೈ ಹಾಕಿ ಡ್ರಮ್ಮನ್ನು ಜೋರಾಗಿ ತಿರುಗಿಸಿದರು. ಅಷ್ಟು ಏಟು ತಿಂದರೂ ಅದು ಒಂದಿಷ್ಟೂ ಸದ್ದಿಲ್ಲದೆ ಸುತ್ತುತ್ತಲೇ ಇತ್ತು.

ಭಾಯ್ ಸ್ಕ್ರೂಡ್ರೈವರಿನ ಹಿಡಿಯನ್ನು ಆಳುಗಳತ್ತ ಚಾಚಿದರು.

‘ಈಗಾದ್ರೂ ಕೇಳ್ರೋ.’