ಹುಳಿಯಿಲ್ಲದ ರೊಟ್ಟಿಯ ಪಾಠ

ಒಂದು ಮೂಟೆ ಗೋಧಿಹಿಟ್ಟಿನ ವ್ಯಾಪಾರ ಅದು. ಒಮ್ಮೆ ಕುದುರಿದರೆ ವರ್ಷವರ್ಷವೂ ನನ್ನದೇ. ಸುರಪುರದ ಚರ್ಚಿನಲ್ಲಿ ಮಕ್ಕಳಿಂದ ರೊಟ್ಟಿ ಸುಡಿಸಿ ಪಸ್ಕಹಬ್ಬದ ಪಾಠ ಹೇಳಲು ಮೈಸೂರು ಕಡೆಯ ಟೀಚರಮ್ಮ ನನ್ನ ಅಂಗಡಿಯಿಂದ ಹಿಟ್ಟು ತರಿಸಿದ್ದರು. ಮೂಟೆ ಇಳಿಸಿ ನಾನೂ ಬಾಗಿಲಲ್ಲೇ ನಿಂತೆ.

“ಇಸ್ರಾಯೇಲರು ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿ ಬಿಟ್ಟು ಅವಸರದಲ್ಲಿ ಹೊರಟರು. ಹಿಟ್ಟು ಹುಳಿಬಂದು ಉಬ್ಬುವಷ್ಟು ಹೊತ್ತಿರಲಿಲ್ಲ. ಅದಕ್ಕೇ ಹುಳಿಯಿಲ್ಲದ ರೊಟ್ಟಿ ಸುಟ್ಟರು. ಅದರ ನೆನಪೇ ಈ ಹಬ್ಬ,” ಎಂದರು ಟೀಚರಮ್ಮ.

ಒಬ್ಬ ಹುಡುಗಿ ಎದ್ದಳು. “ನಮ್ಮವ್ವ ದಿನಾ ಹುಳಿ ಇಲ್ಲದ ರೊಟ್ಟಿನೇ ಬಡೀತಾಳ್ರಿ. ಹಂಗಾರ ನಾವು ದಿನಾ ಯಾರಿಗಂಜಿ ಓಡಾಕತ್ತೀವ್ರಿ?”

ಟೀಚರಮ್ಮ ಪುಸ್ತಕದ ಹಾಳೆ ತಿರುವತೊಡಗಿದರು. ಪಾಠ ಕೆಟ್ಟರೆ ವ್ಯಾಪಾರವೂ ಕೆಟ್ಟಂತೆ ಎಂದು ನಾನೇ ಬಾಯಿ ಹಾಕಿದೆ.

“ಕಾಲುವಿಗೆ ನೀರು ಬಿಟ್ರಂದ್ರ ನಿಮ್ಮಪ್ಪ ಏನ್ ಮಾಡ್ತಾನವಾ?”

“ಇದ್ದ ರೊಟ್ಟಿ ಕಟಗೊಂಡು ಹೊಲಕ್ಕ ಓಡ್ತಾನ್ರಿ.”

“ಅವರೂ ಹಂಗ ಓಡಿದ್ರು.”

“ಹಂಗಂದ್ರ ಜೋಳದ ರೊಟ್ಟಿನೇ ನಡೀತೈತಲ್ರಿ. ಹಿಟ್ಟು ಮನ್ಯಾಗ ಐತಿ,” ಎನ್ನುತ್ತ ಮಕ್ಕಳೆಲ್ಲ ಹಿಟ್ಟು ತರಲು ಓಡಿದರು. ಟೀಚರಮ್ಮನಿಗೂ ಅದೇ ಸರಿಯೆನಿಸಿತು. “ಸಾಹುಕಾರ್ರೇ, ಎಷ್ಟು ಚೆನ್ನಾಗಿ ತಿಳಿಸಿದಿರಿ,” ಎಂದು ಕೈಮುಗಿದು ಮೂಟೆ ವಾಪಸ್ ಹೊರಿಸಿದರು.

ನನ್ನ ಒಟ್ಟು ಗಳಿಕೆ ಮಕ್ಕಳು ಸುಟ್ಟುಕೊಟ್ಟ ಎರಡು ಬಿಸಿ ರೊಟ್ಟಿ, ನಂಚಿಕೊಳ್ಳಲು ಒಂದು ಮುಷ್ಟಿ ಶೇಂಗಾ ಹಿಂಡಿ. ಅದರಲ್ಲೂ ಒಂದು ರೊಟ್ಟಿ ಸೀದಿತ್ತು.