ನಾನು ಹಾಕಿದ ಬಾಯಿಕಟ್ಟು

ಮಂಚದ ಕೆಳಗೆ ಗುಡಿಸುವಾಗ ಪೊರಕೆಗೆ ಏನೋ ತಾಗಿ ಕಟಕಟ ಉರುಳಿತು. ಬಗ್ಗಿ ಎತ್ತಿಕೊಳ್ಳುವಷ್ಟರಲ್ಲಿ ನನ್ನ ಸೊಂಟ ತನ್ನ ಅಹವಾಲನ್ನೆಲ್ಲ ಹೇಳಿ ಮುಗಿಸಿತು. ನೋಡಿದರೆ ಒಂದು ದಾಳ. ನಾವು ನೀವು ಕಂಡ ಆರು ಮುಖದ್ದಲ್ಲ, ಇಪ್ಪತ್ತು ಮುಖದ್ದು. ರಜೆಗೆಂದು ಬಂದಿರುವ ನನ್ನ ಅಣ್ಣನ ಮೊಮ್ಮಗಳು ಮೇಘಾಳದ್ದು. ಅವಳೂ ಅವಳ ಕಾಲೇಜಿನ ಗೆಳತಿಯರೂ ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಾರಂತೆ. ಒಬ್ಬರು ಕಥೆ ಹೇಳುವುದು, ಉಳಿದವರು ಅದರೊಳಗಿನ ಪಾತ್ರಗಳಾಗುವುದು, ಕಷ್ಟ ಬಂದಾಗ ದಾಳ ಹಾಕಿ ಪಾರಾಗುವುದು.

"ಸಿಕ್ತಾ ಅಜ್ಜಿ? ಥ್ಯಾಂಕ್ಸ್. ನಂಗೊಂದು ಶಾಪ ಹೇಳಿ," ಎಂದಳು ಬಾಗಿಲಲ್ಲಿ ನಿಂತು. "ಈ ಸಲ ಕಥೆ ನಂದು. ಶಾಪ ಹಾಕಿಸ್ಕೊಂಡೋರು ಸಾಯಬಾರ್ದು, ಆದ್ರೆ ಏನೂ ಮಾಡಕ್ಕಾಗ್ಬಾರ್ದು. ಅಂಥದ್ದು ಬೇಕು."

ನೋಡೋಣ ಎಂದೆ. ಈ ವಯಸ್ಸಿನಲ್ಲಿ ಎಲ್ಲದಕ್ಕೂ ನನ್ನ ಉತ್ತರ ಅದೇ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು, ಅಂಥದ್ದೊಂದು ಶಾಪವನ್ನು ನಾನು ಆಗಲೇ ಬರೆದಿದ್ದೇನೆ. ನಲವತ್ತು ವರ್ಷದ ಹಿಂದೆ, ಆಫೀಸಿನ ರದ್ದಿ ಕಾಗದದ ಬೆನ್ನಿನ ಮೇಲೆ. ಚೆನ್ನಾಗಿಯೇ ಬರೆದಿದ್ದೆ.

ಎಂಬತ್ತರ ದಶಕದ ನಡುವೆ ನಾನು ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಈಗಿನವರಿಗೆ ಆ ಕೆಲಸ ವಿವರಿಸುವುದೆಂದರೆ ನನಗೆ ಆಯಾಸ. ಆಗ ಫೋನು ತಾನಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ನೀವು ರಿಸೀವರ್ ಎತ್ತಿದರೆ ನಮ್ಮ ಮುಂದಿನ ಬೋರ್ಡಿನಲ್ಲಿ ನಿಮ್ಮ ನಂಬರಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ನಾವು ವಯರು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು, ನೀವು ಹೇಳಿದ ಕಡೆಗೆ ಇನ್ನೊಂದು ತುದಿ ಚುಚ್ಚಬೇಕು. ಬೇರೆ ಊರಿಗಾದರೆ ಆ ಊರಿನ ಆಪರೇಟರನ್ನು ಕೂಗಬೇಕು. ಕೂಗಬೇಕು ಅಂದರೆ ಕೂಗಲೇಬೇಕು. ಮಳೆಗಾಲದಲ್ಲಂತೂ ತೀರ್ಥಹಳ್ಳಿಯನ್ನು ಕರೆದರೆ ಲೈನಿನೊಳಗೆ ಯಾರೋ ಅವಲಕ್ಕಿ ಹುರಿದ ಹಾಗೆ ಸದ್ದು. ಪಕ್ಕದಲ್ಲೇ ಲಿಂಗನಮಕ್ಕಿ ಅಣೆಕಟ್ಟು ಇದ್ದರೂ ಅಲ್ಲಿಯ ಕರೆಂಟು ಊರೂರು ಸುತ್ತಿ ನಮ್ಮ ಆಫೀಸಿಗೆ ಬರುವಷ್ಟರಲ್ಲಿ ನನ್ನಷ್ಟೇ ದಣಿದಿರುತ್ತಿತ್ತು. ದಿನಕ್ಕೆ ನೂರಾರು ಸಲ ಹಲೋ ಅಂದು ಮನೆಗೆ ಬಂದರೆ ಅಮ್ಮನ ಮಾತಿಗೆ ಹೂಂ ಅನ್ನಲೂ ಬೇಜಾರಾಗುತ್ತಿತ್ತು. ಅಮ್ಮ ಇದನ್ನು ಕೊಬ್ಬು ಅನ್ನುತ್ತಿದ್ದಳು.

ಮಧ್ಯಾಹ್ನ ಊಟದ ಮೇಲೆ ಎರಡರಿಂದ ನಾಲ್ಕರವರೆಗೆ ಮಾತ್ರ ಊರು ಮಲಗುತ್ತಿತ್ತು, ಬೋರ್ಡೂ ಮಲಗುತ್ತಿತ್ತು. ಆ ಹೊತ್ತಿನಲ್ಲಿ ಖಾಲಿ ಲೈನಿನ ಮೇಲೆ ನಾವು ಮೂವರು ಸೇರುತ್ತಿದ್ದೆವು. ಸಾಗರದಲ್ಲಿ ನಾನು, ಹೊಸನಗರದಲ್ಲಿ ಧರಣೇಂದ್ರ, ತೀರ್ಥಹಳ್ಳಿಯಲ್ಲಿ ವನಜ. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಧರಣೇಂದ್ರ ನಮಗಿಂತ ಹಿರಿಯರು, ಜೈನರ ಮನೆಯವರು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು ಎನ್ನುವುದೊಂದನ್ನು ಬಿಟ್ಟರೆ ಯಾವುದಕ್ಕೂ ಅವಸರ ಮಾಡದ ಮನುಷ್ಯ. ವನಜ ತೀರ್ಥಹಳ್ಳಿ ಕಡೆಯ ಗೌಡರ ಮಗಳು, ಅವರ ಮನೆಯಿಂದ ನೌಕರಿಗೆ ಬಂದ ಮೊದಲ ಹೆಣ್ಣು. ಅವಳದಿನ್ನೂ ಹಂಗಾಮಿ ಕೆಲಸ. "ಕಾಯಂ ಆದ್ರೆ ಪೇಟೇಲಿ ಇರು, ಆಗ್ದಿದ್ರೆ ಸುಮ್ನೆ ಮನೆಗೆ ಬಾ ಅಂದಾರೆ ನಮ್ಮಪ್ಪಯ್ಯ," ಎಂದು ನಗುತ್ತ ಹೇಳಿದ್ದಳು. ನಗುತ್ತ ಹೇಳಿದಳು ಅಂತ ನಾವೂ ನಕ್ಕಿದ್ದೆವು.

ಅವಳ ಸ್ವರದ ಬಗ್ಗೆ ಹೇಳಬೇಕು. ಹೇಳಲು ಬರುವುದಿಲ್ಲ. ತೀರ್ಥಹಳ್ಳಿಗೆ ಟ್ರಂಕ್ ಕಾಲ್ ಬುಕ್ ಮಾಡಿದ ಸಾಗರದ ಅಡಿಕೆ ಮಂಡಿಯವರು ಲೈನು ಸಿಕ್ಕ ಮೇಲೂ ಒಂದು ನಿಮಿಷ ಅವಳ ಹತ್ತಿರವೇ ಕ್ಷೇಮ ಸಮಾಚಾರ ಮಾತಾಡುತ್ತಿದ್ದರು ಎಂದರೆ ನಿಮಗೆ ಗೊತ್ತಾಗಬಹುದು. ನನ್ನ ಹತ್ತಿರ ಯಾರೂ ಹಾಗೆ ಮಾತಾಡಲಿಲ್ಲ. ನನ್ನ ಸ್ವರ ಕೇಳಿದವರು ಬೇಗ ವಿಷಯಕ್ಕೆ ಬರುತ್ತಿದ್ದರು.

ನಾವೂ ಮೇಘಾ ಆಡುವಂಥದ್ದೇ ಒಂದು ಆಟ ಆಡುತ್ತಿದ್ದೆವು, ಅದನ್ನು ತಂದವರು ಧರಣೇಂದ್ರ. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಭಾವ ಯಾವುದೋ ಬಂದರಿನಿಂದ ಅದರ ನಿಯಮಗಳ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟಿದ್ದರು. ಅದರಲ್ಲೂ ಅರ್ಧ ಪುಸ್ತಕ ಇರಲಿಲ್ಲ. ಇದ್ದ ಅರ್ಧವನ್ನು ಓದಿ ಧರಣೇಂದ್ರ ಒಂದು ರಾಜ್ಯ ಕಟ್ಟಿದರು. ಕೋಟೆ ಕವಲೇದುರ್ಗದ್ದು, ಕೆಳಗಿನ ಊರು ಅವರ ಕಲ್ಪನೆಯದು. ಲೆಕ್ಕಕ್ಕೆ ದಾಳದ ಬದಲು ಕವಡೆ. ಅವರು ಹೊಸನಗರದ ಮೇಜಿನ ಮೇಲೆ ಕವಡೆ ಚೆಲ್ಲಿದರೆ ನಮಗೆ ಇಲ್ಲಿ ಸದ್ದು ಮಾತ್ರ. "ನಾಲ್ಕು ಬಿತ್ತು" ಅಂದರೆ ನಾಲ್ಕು. ಅವರು ಸುಳ್ಳು ಹೇಳುತ್ತಾರೆ ಎಂದು ಒಂದು ದಿನವೂ ನಮಗೆ ಅನ್ನಿಸಲಿಲ್ಲ.

ನಾನು ಮಂತ್ರವಾದಿನಿ, ವನಜ ರಾಣಿಯ ರಾಯಭಾರಿ. ನಾನು ಬೂದಿ ಊದಿ ಕಾವಲುಗಾರನನ್ನು ಮಲಗಿಸಬೇಕೆಂದು ಕವಡೆಗೆ ಕಾಯುತ್ತಿದ್ದರೆ ವನಜ ಅವನ ಹತ್ತಿರ ಎರಡು ಮಾತಾಡಿ ಬಾಗಿಲು ತೆಗೆಸಿಬಿಡುತ್ತಿದ್ದಳು. ಕಾವಲುಗಾರ ಯಾರು? ಧರಣೇಂದ್ರರೇ ತಾನೇ! ಅವರೂ ಆ ಸ್ವರಕ್ಕೆ ಸೋಲುವವರೇ. ನನಗೆ ಹೊಟ್ಟೆ ಉರಿಯುತ್ತಿತ್ತು. ಆಟದಲ್ಲಿ ಮಾತ್ರ ಅಂತ ಆಗ ಅಂದುಕೊಂಡಿದ್ದೆ.

ಆ ಪುಸ್ತಕದಲ್ಲಿ ಕಳೆದುಹೋದ ಅರ್ಧ ಮಂತ್ರಗಳದ್ದು. "ಮಂತ್ರ ನೀವೇ ಬರ್ಕೊಳಿ," ಎಂದಿದ್ದರು ಧರಣೇಂದ್ರ. ನಾನು ಬರೆದೆ. ಕಾಡಿಗೆ ದನ ಬಿಡುವ ಮೊದಲು ಮಂತ್ರ ಹಾಕಿ ಹುಲಿಯ ಬಾಯಿ ಕಟ್ಟಿಸುತ್ತಿದ್ದ ಕಥೆಯನ್ನು ನಮ್ಮಜ್ಜ ಹೇಳುತ್ತಿದ್ದ. ಅದನ್ನೇ ತೆಗೆದುಕೊಂಡೆ. ಹೆಸರು ಬಾಯಿಕಟ್ಟು. ಯಾರ ಮೇಲೆ ಹಾಕಿದರೋ ಅವರು ಮಾತಾಡುವಂತಿಲ್ಲ, ಮಾತಿನ ಕಡ್ಡಿಯ ಮೇಲೆ ಉಗುರಿನಿಂದ ತಟ್ಟಬಹುದು ಅಷ್ಟೇ. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ. ಮಾತಿನ ಕಡ್ಡಿ ಅಂದರೆ ನಮ್ಮ ಹೆಡ್‌ಸೆಟ್ಟಿನಲ್ಲಿ ಬಾಯಿಯ ಮುಂದೆ ಬರುವುದು. ಹೆಸರು ನಾವಿಟ್ಟದ್ದು.

"ಎಷ್ಟು ದಿನ ಇರ್ತದೆ ಇದು?" ಎಂದು ಕೇಳಿದರು ಧರಣೇಂದ್ರ.

"ನಾನು ಬಿಡಿಸೋ ತನಕ," ಎಂದೆ.

"ಬೇರೆ ದಾರಿ?"

"ಇಲ್ಲ. ಹಾಕಿದೋರೇ ಬಿಡಿಸ್ಬೇಕು."

ಅದನ್ನು ರಾಯಭಾರಿಯ ಮೇಲೆ ಹಾಕಿದೆ. ಕವಡೆ ಸದ್ದಾಯಿತು. ಮಂತ್ರ ತಾಗಿತು. "ಅಯ್ಯೋ ಪಾಪಿ," ಎಂದಳು ವನಜ. ಆ ಸ್ವರದಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಮರುದಿನ ತೀರ್ಥಹಳ್ಳಿ ಮಾತಾಡಲಿಲ್ಲ, ತಟ್ಟಿತು. ಟ್ರಂಕ್ ಕಾಲಿನ ನಂಬರನ್ನೂ ತಟ್ಟಿಯೇ ಹೇಳಿತು. ಮೂರು ತಟ್ಟು, ಬಿಡುವು, ಏಳು ತಟ್ಟು. ಎಂಥ ನಿಷ್ಠೆ ಇವಳದು ಎಂದು ನಾನೂ ಧರಣೇಂದ್ರರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಎರಡನೆಯ ದಿನವೂ ಹಾಗೆಯೇ. ಹಿಂದೆಂದೂ ಆಟವನ್ನು ಕಚೇರಿ ಕೆಲಸದೊಳಗೆ ತಂದವಳಲ್ಲ ಅವಳು. ಅದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಗೆದ್ದವರಿಗೆ ಅಂಥದ್ದು ಹೊಳೆಯುವುದು ಕಡಿಮೆ.

ಮೂರನೆಯ ದಿನ ಬೆಳಿಗ್ಗೆ ತೀರ್ಥಹಳ್ಳಿಯ ಲೈನಿನಲ್ಲಿ ವನಜಳ ಬದಲು ಯಾರೋ ಗಂಡಸು, "ಹಲೋ, ಆಪರೇಟ್ರೇ, ಅಕ್ಕಿ ಮಿಲ್ಲಿಗೆ ಕೊಡ್ರೀ," ಎಂದರು. ತೀರ್ಥಹಳ್ಳಿಯವರೇ, ತೀರ್ಥಹಳ್ಳಿಯ ಮಿಲ್ಲಿಗೇ. ನನಗೆ ಅರ್ಥವಾಯಿತು ಅಂದುಕೊಂಡೆ. ಕಳ್ಳಿ! ತನ್ನ ಊರಿನ ಫೋನುಗಳನ್ನೆಲ್ಲ ಸಾಗರಕ್ಕೆ ಚುಚ್ಚಿ, ಅವಳ ಬದಲು ನನ್ನಿಂದ ಮಾತಾಡಿಸುತ್ತಿದ್ದಾಳೆ, ನನ್ನ ಮಂತ್ರಕ್ಕೆ ಉಪಾಯ ಹುಡುಕಿದ್ದಾಳೆ. "ಮೋಸ ನಡೆಯಲ್ಲ ರಾಯಭಾರಿಗಳೇ," ಎಂದು ಹೇಳಿ ವಯರು ಕಿತ್ತೆ. ಮತ್ತೆ ಚುಚ್ಚಿದಳು. ಮತ್ತೆ ಕಿತ್ತೆ. ಮಧ್ಯಾಹ್ನದೊಳಗೆ ಐದು ಸಲ. ಕೊನೆಯ ಸಲ ಕಡ್ಡಿಯ ಮೇಲೆ ಲೆಕ್ಕವಿಲ್ಲದೆ ತಟ್ಟುತ್ತಲೇ ಇದ್ದಳು. ನಾನು ನಗುತ್ತ ಕಿತ್ತೆ.

ನಾಲ್ಕನೆಯ ದಿನ ಅಂಚೆಯಲ್ಲಿ ಅವಳ ಕಾಗದ ಬಂತು. ಮೊದಲನೆಯ ದಿನವೇ ಬರೆದು ಹಾಕಿದ್ದಳು. ದಾರಿಯಲ್ಲಿ ಎಲ್ಲೋ ಒಂದು ದಿನ ತಡವಾಗಿತ್ತು. ನನಗೆ ಅದು ಬಾಯಿಪಾಠವಾಗಿದೆ. "ಇದು ಆಟ ಅಲ್ಲ ಮಾರಾಯ್ತಿ. ಜ್ವರ ಬಂದು ಸ್ವರ ನಿಜವಾಗಿ ಹೋಗಿದೆ. ಮೇಲಿನವರಿಗೆ ಗೊತ್ತಾದರೆ ಮುಗಿಯಿತು. ಕಾಯಂ ಆಗಲು ಇನ್ನು ಮೂರು ವಾರ. ಎರಡು ದಿನ ಹೇಗೋ ತಟ್ಟಿ ದಾಟಿಸುತ್ತೇನೆ. ನಾಡಿದ್ದು ಈ ಕಾಗದ ನಿನಗೆ ಸಿಕ್ಕ ಮೇಲೆ ಇಲ್ಲಿಯ ಫೋನು ನಿನಗೆ ಚುಚ್ಚುತ್ತೇನೆ. ನೀನು ಮಾತಾಡಿ ನಂಬರ್ ಕೇಳಿ ನನಗೆ ಹೇಳು, ವಯರು ನಾನು ಹಾಕುತ್ತೇನೆ. ಮೂರು ವಾರ ನನ್ನ ಬಾಯಿ ನೀನಾಗು."

ಓದಿ ಮುಗಿಸಿ ತೀರ್ಥಹಳ್ಳಿಯನ್ನು ಕೂಗಿದೆ. ಯಾರೋ ಬೇರೆಯವರು "ಎಸ್, ತೀರ್ಥಹಳ್ಳಿ" ಎಂದರು. ಫೋನು ಎತ್ತಿದರೆ ಲೈನು ಕಡಿಯುತ್ತದೆ, ಆಪರೇಟರ್ ಬಾಯಿಯೇ ಬಿಡುವುದಿಲ್ಲ ಎಂದು ಹಿಂದಿನ ದಿನ ಸಂಜೆ ಊರಿನವರು ಹೋಗಿ ದೂರು ಕೊಟ್ಟಿದ್ದರು. ಅವರದು ತಪ್ಪೆನ್ನುವ ಹಾಗಿಲ್ಲ. ಕಾಯಂ ಆಗಿದ್ದರೆ ಅವಳಿಗೆ ಗುಮಾಸ್ತೆಯ ಕುರ್ಚಿಯಾದರೂ ಸಿಗುತ್ತಿತ್ತು. ಹಂಗಾಮಿಯವರಿಗೆ ಆ ದಾರಿ ಇರಲಿಲ್ಲ, ಅವಳನ್ನು ಮನೆಗೆ ಕಳಿಸಿದ್ದರು.

ಮುಂದಿನ ಭಾನುವಾರ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಅಷ್ಟು ದೊಡ್ಡ ಸ್ವರ ಇಷ್ಟು ಸಣ್ಣ ದೇಹದಲ್ಲಿ ಇತ್ತೇ ಅನ್ನಿಸುವ ಹುಡುಗಿ ಬಾಗಿಲಿಗೆ ಬಂದಳು. ನಕ್ಕಳು. ಸದ್ದಿಲ್ಲದ ನಗು. ಧ್ವನಿಯ ನರಕ್ಕೆ ಪೆಟ್ಟಾಗಿದೆ, ಬಂದರೆ ಬರಬಹುದು ಎಂದು ಡಾಕ್ಟರು ಹೇಳಿದ್ದರಂತೆ. ನಾನು ತಂದ ಬಿಸ್ಕತ್ತಿನ ಪೊಟ್ಟಣ ಕೊಟ್ಟೆ. ಕಾಗದ ತಡವಾಗಿ ಬಂತು ಅಂದೆ. ವಯರು ಕಿತ್ತದ್ದನ್ನು ಹೇಳಬೇಕೆಂದೇ ಬಂದವಳು ಬೇರೆ ಎಲ್ಲವನ್ನೂ ಹೇಳಿದೆ.

ಅವಳ ಅಮ್ಮ ಕಾಫಿ ಕೊಟ್ಟು ನನ್ನೆದುರು ನೆಲದ ಮೇಲೆ ಕೂತರು.

"ಸಾಗರದೋರು ನೀವೇ ಅಲ್ಲನಾ? ಆಟದಲ್ಲಿ ಇವ್ಳಿಗೆ ಎಂತದೋ ಬಾಯಿಕಟ್ಟು ಹಾಕಿದ್ರಂತಲ್ಲ. ಹಾಕಿದೋರೇ ಬಿಡಿಸ್ಬೇಕಂತೆ. ಬರ್ದು ತೋರಿಸಿದ್ಲು, ಇವ್ಳ ತಮ್ಮ ಓದಿ ಹೇಳ್ದ."

"ಅಯ್ಯೋ ಅಮ್ಮ, ಅದು ಬರೀ ಆಟ. ಅದಕ್ಕೂ ಗಂಟಲಿಗೂ ಏನೂ ಸಂಬಂಧ ಇಲ್ಲ. ಡಾಕ್ಟ್ರು ಹೇಳಿದ್ರಲ್ಲ, ನರದ ತೊಂದ್ರೆ ಅಂತ."

"ನಂಗೂ ಗೊತ್ತುಂಟು ಆಟ ಅಂತ. ಬಿಡಿಸ್ದೆ ಅಂತ ಒಂದು ಮಾತು ಹೇಳಿ ಹೋಗಿ. ನಿಮ್ದೆಂತ ಗಂಟು ಹೋಗ್ತದೆ?"

ನಾನು ಓದಿದವಳಲ್ಲವೇ! ನರ ಎಂದರೇನು, ಜ್ವರ ಎಂದರೇನು ಎಂದು ಕಾಲು ಗಂಟೆ ವಿವರಿಸಿದೆ. ವನಜ ಕಂಬಕ್ಕೆ ಒರಗಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬಿಡಿಸಿದೆ ಅಂದರೆ ನಾನೇ ಹಾಕಿದ್ದು ಅಂತ ಒಪ್ಪಿದ ಹಾಗೆ. ಅದೇ ನನಗೆ ಆಗಲಿಲ್ಲ. ಮೂಢನಂಬಿಕೆಯ ಮಾತೆಲ್ಲ ನೆಪ. ಮೂರೂವರೆಯ ಬಸ್ಸು ತಪ್ಪುತ್ತದೆ ಎಂದು ಎದ್ದು ಬಂದೆ.

ಆಮೇಲೆ ಆಟ ನಿಂತಿತು. ಯಾರೂ ನಿಲ್ಲಿಸೋಣ ಎನ್ನಲಿಲ್ಲ. ಕೆಲವು ವರ್ಷಗಳಲ್ಲಿ ಬೋರ್ಡುಗಳೇ ಹೋದವು, ಫೋನು ತಾನಾಗಿ ಎಲ್ಲಿ ಬೇಕಾದರೂ ಹೋಗುವಂತಾಯಿತು. ವನಜ ತೀರ್ಥಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಹಾಕಿದಳಂತೆ. "ಒಳ್ಳೇ ಜಾಗ ಹುಡುಕಿದಾಳೆ. ಅಲ್ಲಿ ಯಾರ ಮಾತೂ ಯಾರಿಗೂ ಕೇಳೋದಿಲ್ಲ," ಎಂದಿದ್ದರು ಧರಣೇಂದ್ರ. ಒಡೆದ ಸ್ವರವೊಂದು ಬಂದಿದೆ, ಹತ್ತಿರ ನಿಂತರೆ ಗೊತ್ತಾಗುತ್ತದೆ ಎಂದೂ ಹೇಳಿದ್ದರು. ಅವರು ಅವಳ ನಂಬರ್ ಕೊಟ್ಟು ಹತ್ತು ವರ್ಷವಾಯಿತು. ನಾನು ನಿವೃತ್ತಿಯಾದೆ. ಮಾತೆಂದರೆ ಈಗಲೂ ಸುಸ್ತು.

ಇದನ್ನೆಲ್ಲ ಮೇಘಾಳಿಗೆ ಹೇಳಲಿಲ್ಲ. "ಬಾಯಿಕಟ್ಟು ಅಂತ ಒಂದಿದೆ. ಹಾಕಿಸ್ಕೊಂಡೋರಿಗೆ ಮಾತು ಬರಲ್ಲ. ಹಾಕಿದೋರೇ ಬಿಡಿಸ್ಬೇಕು," ಎಂದೆ.

ಅವಳು ಮುಖ ಸಿಂಡರಿಸಿದಳು. "ಅದು ಸರಿ ಇಲ್ಲ ಅಜ್ಜಿ. ನಮ್ಮಾಟದಲ್ಲಿ ಪ್ರತಿ ಸರದಿಗೂ ದಾಳ ಹಾಕಿ ಅವರೇ ಬಿಡಿಸ್ಕೋಬಹುದು. ಇಲ್ಲಾಂದ್ರೆ ಪಾಪ, ಆ ಹುಡುಗಿ ಸುಮ್ನೆ ಕೂತ್ಕೊಂಡು ಕಾಯ್ತಾನೇ ಇರ್ಬೇಕಲ್ಲ? ಯಾರಾಡ್ತಾರೆ ಅಂಥ ಆಟ?"

ನಾನು ಒಳಗೆ ಹೋಗಿ ಡೈರಿ ತೆಗೆದು ವನಜಳ ನಂಬರ್ ಒತ್ತಿದೆ.

"ಯಾರು?" ಎಂದಿತು ಒಂದು ಸ್ವರ. ಹರಿದ ಕಾಗದದಂಥದ್ದು.

"ನಾನು. ಸಾಗರ."

ಕುರ್ಚಿ ಎಳೆದುಕೊಂಡ ಸದ್ದು ಕೇಳಿತು. ಆಮೇಲೆ, "ಹೇಳೇ."

ಹೇಳಿದೆ. ಐದು ಸಲ ಎಂದೂ ಹೇಳಿದೆ, ನಗುತ್ತ ಎಂದೂ ಹೇಳಿದೆ. "ನಾನೇ ಹಾಕಿದ್ದು ವನಜ. ಬಿಡಿಸಿದೀನಿ."

"ಕಿತ್ತದ್ದು ಗೊತ್ತಿಲ್ವಾ ನಂಗೆ? ಬೋರ್ಡಿನ ಮುಂದೆ ಕೂತೋಳು ನಾನು," ಎಂದಳು. ಪ್ರತಿ ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು. "ಮನೆಗೆ ಬಂದಾಗ ಹೇಳ್ತೀಯ ಅಂತ ಇದ್ದೆ. ಆಮೇಲೂ ಎರಡು ವರ್ಷ, ಅಂಚೆಯೋನು ಬಂದಾಗೆಲ್ಲ ಹೊರಗೆ ಬರ್ತಿದ್ದೆ. ಅಮ್ಮ ಸಾಯೋ ತನಕ ಕೇಳ್ತಿದ್ರು, ಸಾಗರದೋಳು ಏನಾದ್ರೂ ಬರ್ದ್ಲಾ ಅಂತ. ಸಾಕಾಯ್ತು ಮಾರಾಯ್ತಿ."

ಆ ಕಡೆ ಯಾರೋ ಹೆಂಗಸು, "ವನಜಕ್ಕಾ, ಅಕ್ಕಿ ತಂದೀನಿ," ಎಂದರು.

"ತಡಿ, ಗಿರಾಕಿ ಬಂದ್ರು," ಎಂದಳು. ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಇಟ್ಟಳು, ಆದರೆ ಕಟ್ ಮಾಡಲಿಲ್ಲ. ಗಿರಣಿ ಶುರುವಾಯಿತು. ಕಿವಿ ಹರಿದುಹೋಗುವಂಥ ಸದ್ದು. ನಾನು ಫೋನನ್ನು ಕಿವಿಯಿಂದ ತೆಗೆಯದೆ, ಅವಳು ಆ ಅಕ್ಕಿ ಬೀಸಿ ಮುಗಿಸುವವರೆಗೂ ಕೂತಿದ್ದೆ.