ಕೆನಡಾದ ಮಹಿಳೆಯರು ಮತ್ತು ನನ್ನ ಎಂ.ಟೆಕ್

ಕಳೆದ ಭಾನುವಾರ ನಮ್ಮ ಊಟದ ಟೇಬಲ್ಲನ್ನು ಕೆನಡಾ ಪೂರ್ತಿ ಆಕ್ರಮಿಸಿಕೊಂಡಿತ್ತು. ಒಂದು ತುದಿಯಲ್ಲಿ ಐದನೇ ಕ್ಲಾಸಿನ ಮಗಳ ಪೋಸ್ಟರ್: 'ಕೆನಡಾದ ಹೆಸರಾಂತ ಮಹಿಳೆಯರು'. ಇನ್ನೊಂದು ತುದಿಯಲ್ಲಿ ನಮ್ಮ ಇಮಿಗ್ರೇಷನ್ ಫಾರಂ. (ಊಟ ಸೋಫಾದ ಮೇಲೆ. ಬರೀ ಮೊಸರನ್ನ.)

ಯಾಕೆ ಅಂತ ಕಾರು ಕಾರ್ಖಾನೆಗಳ ನಮ್ಮ ಈ ಪ್ಲಿಮತ್, ಲಿವೋನಿಯಾ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕೆ? ಕಾರಿನ ಬಿಡಿಭಾಗ ಮಾಡುವ ಕಂಪನಿಗಳನ್ನೆಲ್ಲ ಈ ರಿಸೆಷನ್ ನುಂಗುತ್ತಿದೆ. ಈ ತಿಂಗಳ ಕೊನೆಗೆ ನನ್ನ ಗಂಡನ ಕೆಲಸ ಹೋಗುತ್ತದೆ. ಅದರ ಹಿಂದೆಯೇ ವೀಸಾ. ಗಡಿಯ ನದಿಯಾಚೆಗಿನ ಕೆನಡಾ ನಮ್ಮ ಮನೆಯಿಂದ ಮೂವತ್ತು ಮೈಲಿಯೂ ಇಲ್ಲ.

ಎರಡು ವರ್ಷದ ಹಿಂದೆಯೇ ಅಲ್ಲಿಗೆ ಇವರ ಹೆಸರಿನಲ್ಲಿ ಅರ್ಜಿ ಹಾಕಿದ್ದೆವು. ಶುಕ್ರವಾರ ಉತ್ತರ ಬಂತು. ತಿರಸ್ಕೃತ. ಇಂಗ್ಲಿಷ್ ಪರೀಕ್ಷೆಯಲ್ಲಿ ಇವರಿಗೆ ಪಾಯಿಂಟ್ ಸಾಲಲಿಲ್ಲವಂತೆ.

"ಈ ಸಲ ನಿನ್ನ ಹೆಸ್ರಲ್ಲಿ ಹಾಕೋಣ ಕಣೆ. ನೀನು ಎಂ.ಟೆಕ್ ಅಲ್ವಾ?" ಅಂದರು ಇವರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಇವರಿಗೆ ಅದು ನೆನಪಾಯಿತು. ಇವರನ್ನು ಯಾಕೆ ಅನ್ನಲಿ, ನನಗೇ ಮರೆತುಹೋಗಿತ್ತು!

ಪೆನ್ನು ಹಿಡಿದು ಕೂತೆ. ಓದು: ಪೂರ್ತಿ ಪಾಯಿಂಟ್. ಇಂಗ್ಲಿಷ್: ಭಯವಿಲ್ಲ. ಅನುಭವ: ಕಳೆದ ಹತ್ತು ವರ್ಷದೊಳಗೆ ಕನಿಷ್ಠ ಒಂದು ವರ್ಷ ಇರಬೇಕು.

ನಾನು ಮೈಸೂರಿನ ಕಾರ್ಖಾನೆ ಬಿಟ್ಟು ಬಂದು ಹನ್ನೊಂದು ವರ್ಷ. ಬಂದಿದ್ದು ಗಂಡನ ಬೆನ್ನಿಗಂಟಿದ ವೀಸಾದಲ್ಲಿ. ಅದರಲ್ಲಿ ಕೆಲಸ ಮಾಡಿದರೆ ಅಪರಾಧ. ಮೈಸೂರಿನ ಡಿಸೈನ್ ವಿಭಾಗದಲ್ಲಿ ದುಡಿದ ನಾಲ್ಕು ವರ್ಷ ಈಗ ಸೊನ್ನೆ.

"ರೀ, ಆಗಲ್ಲ. ನನ್ ಅನುಭವ ಎಕ್ಸ್‌ಪೈರ್ ಆಗಿದೆ," ಅಂದೆ. ಇವರು ಫಾರಂ ಎಳೆದುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು. ಬೇರೆ ದಾರಿ ಇಬ್ಬರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಮಗಳು ಯುದ್ಧಕಾಲದಲ್ಲಿ ವಿಮಾನ ಕಾರ್ಖಾನೆ ನಡೆಸಿದ ಮಹಿಳೆಯೊಬ್ಬಳ ಚಿತ್ರಕ್ಕೆ ಗೋಂದು ಹಚ್ಚುತ್ತ ಕೇಳಿದಳು, "ಮಾಮ್, ಶಿ ವಾಸ್ ಆನ್ ಎಂಜಿನಿಯರ್ ಟೂ. ಡಿಡ್ ಯು ಎವರ್ ಬಿಲ್ಡ್ ಎನಿಥಿಂಗ್?"

"ಲೇತ್ ಮೆಷೀನ್ ಪುಟ್ಟಿ," ಅಂದೆ. ಅವಳಿಗೆ ಲೋಹ ಕಡೆಯುವ ಲೇತ್ ಎಂದರೇನೆಂದು ಗೊತ್ತಿಲ್ಲ. ವಿವರಿಸಲು ಹೋದವಳು ಅರ್ಧಕ್ಕೇ ಬಿಟ್ಟೆ. ಒಗ್ಗರಣೆ ಸೀದು ಹೋಗುತ್ತಿದೆ ಎಂದು ಎದ್ದುಹೋದೆ. (ಒಲೆ ಹಚ್ಚಿಯೇ ಇರಲಿಲ್ಲ.)

ನನ್ನನ್ನು ಕೊರೆಯುತ್ತಿರುವುದು ರಿಸೆಷನ್ ಅಲ್ಲ. ಎರಡು ವರ್ಷದ ಹಿಂದೆ ನನ್ನ ಹೆಸರಿನಲ್ಲೇ ಅರ್ಜಿ ಹಾಕಿದ್ದರೆ ಆ ಅನುಭವ ಲೆಕ್ಕಕ್ಕಿತ್ತು, ನಾವು ಆಚೆ ದಡದಲ್ಲಿರುತ್ತಿದ್ದೆವು. ಆದರೆ ನಮ್ಮ ಮನೆಯ ಫಾರಂಗಳನ್ನೆಲ್ಲ ತುಂಬುವವಳು ನಾನೇ. ಸ್ಕೂಲಿನದು, ಬ್ಯಾಂಕಿನದು, ಕನ್ನಡ ಸಂಘದ್ದು, ಎಲ್ಲದರಲ್ಲೂ ಮೊದಲು ಗಂಡನ ಹೆಸರು, ಆಮೇಲೆ ನನ್ನದು. ಅವತ್ತೂ ಯೋಚಿಸದೆ ಹಾಗೇ ಬರೆದೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಅನ್ನುತ್ತಾರೆ. ಅನ್ನುವವರ ವೀಸಾ ತಿಂಗಳ ಕೊನೆಗೆ ಮುಗಿಯುವುದಿಲ್ಲ.

ಈ ದೇಶ ಕೆಲಸ ಮಾಡಬೇಡ ಎಂದಿತು. ಆ ದೇಶ ಯಾಕೆ ಮಾಡಲಿಲ್ಲ ಎನ್ನುತ್ತಿದೆ. ಎರಡನ್ನೂ ಬೈಯಬಹುದು. ಆದರೆ ಮೊದಲ ಸಾಲಿನಲ್ಲಿ ಗಂಡನ ಹೆಸರನ್ನೇ ಬರೆ ಎಂದು ನನಗೆ ಯಾವ ದೇಶ ಹೇಳಿತ್ತು?